ಕಾಫಿ ಎಸ್ಟೇಟಿಗೆ ರೈಟರ್ ಆಗಿ ಸೇರುವವರು ಮೊದಲು ಕಲಿಯಬೇಕಾದ್ದು

ಡಿಗ್ರಿ ಮುಗಿಸಿ ಚಿಕ್ಕಮಗಳೂರು, ಮೂಡಿಗೆರೆ, ಸಕಲೇಶಪುರದ ಕಡೆ ರೈಟರ್ (ತೋಟದ ಲೆಕ್ಕ ಬರೆಯುವವರು) ಕೆಲಸಕ್ಕೆ ಸೇರುವ ಹುಡುಗರು ಗಿಡದ ಬಗ್ಗೆ ಓದಿಕೊಂಡು ಬರುತ್ತಾರೆ. ಗಿಡದ ವಿಷಯ ಮೇಸ್ತ್ರಿಗೆ ನಿಮಗಿಂತ ಚೆನ್ನಾಗಿ ಗೊತ್ತು. ನಿಮ್ಮ ಕೆಲಸ ಲೆಕ್ಕ. ಅದನ್ನು ಆಯಾ ಜಾಗದಲ್ಲೇ, ಆ ಹೊತ್ತಿಗೇ ಬರೆದುಕೊಳ್ಳುವುದು.

ಸೇರುವ ಮುಂಚೆ ಸಂಬಳದ ಜೊತೆಗೆ ಇನ್ನಷ್ಟು ಕೇಳಿ: ಮನೆ ಕೊಡುತ್ತಾರಾ, ಕರೆಂಟ್ ಬಿಲ್ ಯಾರದ್ದು, ಕೊಯ್ಲಿನ ಕಾಲದಲ್ಲಿ ವಾರದ ರಜೆ ಹೇಗೆ, ಪಿಎಫ್ ಇದೆಯಾ. ಪಿಎಫ್ ಇದ್ದರೆ ಮೂಲ ವೇತನ ಮತ್ತು ಡಿಎ (ತುಟ್ಟಿಭತ್ಯೆ) ಮೇಲೆ ನಿಮ್ಮಿಂದ 12% ಕಡಿತವಾಗುತ್ತದೆ, ಅಷ್ಟೇ ಪಾಲು ಮಾಲೀಕರೂ ಹಾಕಬೇಕು. 12 ಅಂಕಿಯ ಯುಎಎನ್ (ಪಿಎಫ್‌ನ ಕಾಯಂ ನಂಬರ್) ಬರೆದಿಟ್ಟುಕೊಂಡು, ಮೂರು ತಿಂಗಳಿಗೊಮ್ಮೆ ಪಾಸ್‌ಬುಕ್ ನೋಡಿ. ಹಳೆಯ ಕೆಲಸದ ನಂಬರ್ ಇದ್ದರೆ ಅದನ್ನೇ ಕೊಡಿ, ಹೊಸದು ಮಾಡಿಸಬೇಡಿ.

ಚೆಕ್‌ರೋಲ್ (ಆಳುಗಳ ಹಾಜರಿ ಪುಸ್ತಕ) ಬರೆಯುವುದು ಬೆಳಿಗ್ಗೆ, ಆಳುಗಳು ಬ್ಲಾಕಿಗೆ (ತೋಟದ ಒಂದೊಂದು ಭಾಗಕ್ಕೆ) ಹೋಗುವ ಮುಂಚೆ. ಸಂಜೆ ಆಫೀಸಿನಲ್ಲಿ ಕೂತು ನೆನಪಿನಿಂದ ತುಂಬಿಸಿದರೆ ಅರ್ಧ ದಿನ ಬಂದವರು ಪೂರ್ತಿ ದಿನವಾಗುತ್ತಾರೆ, ಬಂದವರ ಹೆಸರೇ ಬಿಟ್ಟುಹೋಗುತ್ತದೆ. ಒಂದೇ ತೋಟದಲ್ಲಿ ಇಬ್ಬರು ಲಕ್ಷ್ಮಿ, ಮೂವರು ಮಂಜ ಇರುವುದು ಮಾಮೂಲಿ. ಆದ್ದರಿಂದ ಹೆಸರಿನ ಪಕ್ಕ ನಂಬರ್ ಹಾಕಿ. ಅಸ್ಸಾಂ ಕಡೆಯಿಂದ ಬಂದವರ ಹೆಸರನ್ನು ನಿಮ್ಮ ಕಿವಿಗೆ ಕೇಳಿದಂತೆ ಬರೆಯಬೇಡಿ, ಆಧಾರ್ ನೋಡಿ ಬರೆಯಿರಿ. ಇಲ್ಲದಿದ್ದರೆ ಬ್ಯಾಂಕಿಗೆ ಹಣ ಹಾಕುವಾಗ ತೊಡಕು. ಯಾವ ಬ್ಲಾಕು, ಯಾವ ಕೆಲಸ (ಮರಗಸಿ ಅಂದರೆ ನೆರಳಿನ ಮರದ ಕೊಂಬೆ ಕಡಿಯುವುದು, ಗೊಬ್ಬರ, ಕಳೆ) ಎಂಬುದೂ ಅದೇ ಸಾಲಿನಲ್ಲಿರಲಿ.

ನಿಮ್ಮ ಮರ್ಯಾದೆ ಉಳಿಯುವುದು, ಹೋಗುವುದು ಎರಡೂ ಹಣ್ಣಿನ ತೂಕದಲ್ಲಿ. ಅರೇಬಿಕಾ ಕೊಯ್ಲು ನವೆಂಬರಿನಿಂದ ಜನವರಿ, ರೊಬಸ್ಟ ಅದರ ಹಿಂದೆಯೇ. ಕಿಲೋ ಲೆಕ್ಕದ ಕೂಲಿ ಆದ್ದರಿಂದ ಸಂಜೆ ತಕ್ಕಡಿ ಹತ್ತಿರ ಎಲ್ಲರ ಕಣ್ಣೂ ಮುಳ್ಳಿನ ಮೇಲೆ. ಮೊದಲು 20 ಕಿಲೋ ಬಟ್ಟು ತೂಗಿ ತಕ್ಕಡಿ ಸರಿಯಿದೆಯೇ ನೋಡಿ, ಆಳುಗಳೂ ನೋಡಲಿ. ಖಾಲಿ ಚೀಲವನ್ನೂ ತೂಗಿ. ಇಬ್ಬನಿಯಲ್ಲಿ ನೆನೆದ ಗೋಣಿಗೂ ಒಣಗಿದ ಗೋಣಿಗೂ ತೂಕ ಬೇರೆ, ಅದಕ್ಕೇ ಚೀಲಕ್ಕೆ ಇಷ್ಟು ಎಂದು ಅಂದಾಜಿನಲ್ಲಿ ಕಳೆಯಬೇಡಿ. ಚೀಲ ಅಲುಗಾಡುವುದು ನಿಂತ ಮೇಲೆ ತೂಕವನ್ನು ಜೋರಾಗಿ ಹೇಳಿ, ಬರೆದು, ಆಮೇಲೆ ಮುಂದಿನ ಚೀಲ ಎತ್ತಿಸಿ. ‘34 ಮುಕ್ಕಾಲು’ ಬಂದರೆ 34 ಎಂದು ಬರೆಯಬೇಡಿ. ದಿನಕ್ಕೆ ಮುಕ್ಕಾಲು ಕಿಲೋ ದೊಡ್ಡ ಮಾತಲ್ಲ ಅನ್ನಿಸಬಹುದು, ಕೊಯ್ದವಳಿಗೆ ಅದು ಗೊತ್ತಿರುತ್ತದೆ. ಹಸಿರು ಕಾಯಿ ಜಾಸ್ತಿ ಇದ್ದರೆ ತೂಕ ಮುರಿಯುವ ಬದಲು ಚೀಲ ಸುರಿಸಿ ಆರಿಸಲು ಹೇಳಿ. ನಾಳೆಯಿಂದ ಕೈ ತಾನಾಗಿಯೇ ಹಣ್ಣಿಗೆ ಹೋಗುತ್ತದೆ.

ಎಲ್ಲರ ತೂಕ ಕೂಡಿ, ಪಲ್ಪರಿಗೆ (ಹಣ್ಣಿನ ಸಿಪ್ಪೆ ಬಿಡಿಸುವ ಯಂತ್ರ) ಹೋದ ಹಣ್ಣಿನ ಜೊತೆ ತಾಳೆ ನೋಡಿ. 1000 ಕಿಲೋ ಅರೇಬಿಕಾ ಹಣ್ಣಿಗೆ ಒಣಗಿದ ಪಾರ್ಚ್‌ಮೆಂಟ್ (ಸಿಪ್ಪೆ ಬಿಡಿಸಿ ತೊಳೆದು ಒಣಗಿಸಿದ, ಹೊಟ್ಟಿರುವ ಬೀಜ) ಸುಮಾರು 200 ಕಿಲೋ ಬರಬೇಕು. 1000 ಕಿಲೋ ರೊಬಸ್ಟ ಹಣ್ಣನ್ನು ಕಣದಲ್ಲೇ ಒಣಗಿಸಿದರೆ ಚೆರಿ (ಸಿಪ್ಪೆ ಸಮೇತ ಒಣಗಿದ ಹಣ್ಣು) ಹೆಚ್ಚೂಕಡಿಮೆ 400 ಕಿಲೋ. ಇದಕ್ಕಿಂತ ತೀರಾ ಕೆಳಗಿಳಿದರೆ ಮೊದಲು ಕಳ್ಳತನ ಅನ್ನಬೇಡಿ: ತೇಲುಕಾಯಿ (ನೀರಲ್ಲಿ ತೇಲುವ ಜೊಳ್ಳು) ಎಷ್ಟಿತ್ತು, ಹಣ್ಣು ಮಳೆಯಲ್ಲಿ ನೆನೆದಿತ್ತೇ, ಪಲ್ಪರ್ ಸಿಪ್ಪೆಯ ಜೊತೆ ಬೀಜವನ್ನೂ ಎಸೆಯುತ್ತಿದೆಯೇ ನೋಡಿ. ಸಿಪ್ಪೆ ಗುಂಡಿಗೆ ಕೈ ಹಾಕಿ ಒಂದು ಹಿಡಿ ತೆಗೆದರೆ ಕೊನೆಯದ್ದಕ್ಕೆ ಉತ್ತರ ಸಿಗುತ್ತದೆ.

ಹಣ್ಣನ್ನು ಅವತ್ತೇ ಪಲ್ಪ್ ಮಾಡಬೇಕು. ಸಿಪ್ಪೆ ಬಿಡಿಸಿದ ಅರೇಬಿಕಾ ಬೀಜ ಲೋಳೆ ಬಿಡಲು ತೊಟ್ಟಿಯಲ್ಲಿ 24ರಿಂದ 36 ಗಂಟೆ ಕೊಳೆಯಬೇಕು, ಚಳಿ ಹೆಚ್ಚಿದ್ದರೆ ತಡ. ಗಡಿಯಾರವೊಂದನ್ನೇ ನಂಬದೆ ತೊಳೆದ ಬೀಜ ಮುಷ್ಟಿಯಲ್ಲಿ ಹಿಸುಕಿ ನೋಡಿ: ಲೋಳೆ ಹೋಗಿ ಜಲ್ಲಿಯ ಹಾಗೆ ಕರಕರ ಅಂದರೆ ಆಯಿತು. ಕಣದಲ್ಲಿ 4–7 ಸೆಂ.ಮೀ. ದಪ್ಪಕ್ಕೆ ಹರಡಿ, ಗಂಟೆಗೊಮ್ಮೆ ಕೆದಕಿಸಿ, ಸಂಜೆ ರಾಶಿ ಮಾಡಿ ಟಾರ್ಪಾಲ್ ಹೊದಿಸಿ. ತೇವ 10%ಕ್ಕೆ ಇಳಿಯಬೇಕು. ಮೀಟರ್ ಇಲ್ಲದಿದ್ದರೆ ಒಂದೇ ಡಬ್ಬಿಯಲ್ಲಿ ಅಳೆದು ತೂಗಿ, ಸತತ ಎರಡು ದಿನ ತೂಕ ಬದಲಾಗದಿದ್ದರೆ ಒಣಗಿದೆ ಎಂದೇ ಅರ್ಥ.

ಬಟವಾಡೆ (ಕೂಲಿ ಹಂಚುವ ದಿನ) ಹಿಂದಿನ ದಿನ ಒಬ್ಬೊಬ್ಬರಿಗೂ 500, 200, 100, 50, 10ರ ನೋಟು ಎಷ್ಟೆಷ್ಟು ಬೇಕೆಂದು ಪಟ್ಟಿ ಮಾಡಿ, ಅದೇ ಲೆಕ್ಕಕ್ಕೆ ಬ್ಯಾಂಕಿನಿಂದ ತನ್ನಿ. ಚಿಲ್ಲರೆ ಇಲ್ಲವೆಂದು ಇಬ್ಬರಿಗೆ ಸೇರಿಸಿ ಒಂದು ನೋಟು ಕೊಟ್ಟರೆ ಜಗಳ ಲೈನಿನ ಮನೆ (ಆಳುಗಳ ಸಾಲುಮನೆ) ತನಕ ಹೋಗುತ್ತದೆ. ಅಡ್ವಾನ್ಸ್ ಮುರಿದಿದ್ದನ್ನು ಅವರಿಗೆ ಓದಿ ಹೇಳಿ, ಆಮೇಲೆ ಸಹಿ ಹಾಕಿಸಿ.

ನಿಮ್ಮಪ್ಪನ ವಯಸ್ಸಿನ ಮೇಸ್ತ್ರಿಯನ್ನು ಆಳುಗಳ ಮುಂದೆ ತಿದ್ದಬೇಡಿ. ‘ಮೇಸ್ತ್ರಿ, ಸ್ವಲ್ಪ ಬನ್ನಿ’ ಅಂತ ಪಕ್ಕಕ್ಕೆ ಕರೆದು ಹೇಳಿ. ಆಳುಗಳನ್ನು ಅಣ್ಣ, ಅಕ್ಕ ಎಂದೇ ಕರೆಯಿರಿ.

ಮಳೆಮಾಪಕ ನೋಡುವುದು ದಿನಾ ಬೆಳಿಗ್ಗೆ 8:30ಕ್ಕೆ. ಮಾಪಕದಲ್ಲಿ ಮಿ.ಮೀ. ಇದ್ದರೂ ಸಾಹುಕಾರ್ರು ಕೇಳುವುದು ‘ಎಷ್ಟು ಸೆಂಟ್ ಬಿತ್ತು?’ ಅಂತ. 100 ಸೆಂಟಿಗೆ ಒಂದು ಇಂಚು, ಅಂದರೆ 25.4 ಮಿ.ಮೀ. (ಜಮೀನಿನ ಸೆಂಟ್ ಬೇರೆ, ಅಲ್ಲಿ 100 ಸೆಂಟಿಗೆ ಎಕರೆ.) ಹೂಮಳೆ (ಕಾಫಿ ಹೂ ಅರಳಿಸುವ ಮಳೆ) ಯಾವತ್ತು, ಎಷ್ಟು ಬಿತ್ತು, ಯಾವ ಬ್ಲಾಕಿನಲ್ಲಿ ಹೂ ಯಾವತ್ತು ಅರಳಿತು ಎರಡನ್ನೂ ಬರೆಯಿರಿ. ಮಳೆ ಇಲ್ಲದ ದಿನ ಜಾಗ ಖಾಲಿ ಬಿಡದೆ 0 ಹಾಕಿ, ಖಾಲಿ ಇದ್ದರೆ ಮಳೆ ಬರಲಿಲ್ಲವೋ ನೀವು ನೋಡಲಿಲ್ಲವೋ ಗೊತ್ತಾಗುವುದಿಲ್ಲ.