ಬೇರೆ ಡಬ್ಬಿ ಬೇಡ: ಗೋಧಿ, ಹಾಲು, ಮೊಟ್ಟೆ, ಕಡಲೆಕಾಯಿ ಇಲ್ಲದ ಬರ್ತ್‌ಡೇ ಅಡುಗೆ, ನನ್ನ ಅನುಭವ

ಅಲರ್ಜಿ ಇರುವ ಮಗುವಿಗೆ ಬೇರೆ ಡಬ್ಬಿ ಕಟ್ಟಿಕೊಡುವುದನ್ನು ನಾನು ಬಿಟ್ಟು ಎರಡು ವರ್ಷದ ಹತ್ತಿರ ಆಯಿತು. ಬರ್ತ್‌ಡೇ ಆರ್ಡರ್ ಒಪ್ಪಿಕೊಂಡರೆ ಬಂದ ಅಷ್ಟೂ ಮಕ್ಕಳಿಗೆ ಒಂದೇ ಅಡುಗೆ. ಅದರಲ್ಲಿ ಗೋಧಿ, ಮೈದಾ, ಹಾಲು, ತುಪ್ಪ, ಮೊಟ್ಟೆ, ಕಡಲೆಕಾಯಿ, ಗೋಡಂಬಿ ಯಾವುದೂ ಇರುವುದಿಲ್ಲ. ಶುರು ಮಾಡುವಾಗ ಇಲ್ಲಿ ಶಿವಮೊಗ್ಗದಲ್ಲಿ ನನಗಿಂತ ಹಳಬರಾದ ಅಡುಗೆಯವರೊಬ್ಬರು ಮುಖಕ್ಕೇ ಹೇಳಿದ್ದರು: "ಮೈದಾ ಇಲ್ದೆ, ಹಾಲಿಲ್ದೆ ಕೇಕಾ? ಒಂದಿಬ್ರಿಗೋಸ್ಕರ 40 ಮಕ್ಕಳ ಬಾಯಿ ಕೆಡಿಸ್ಬೇಡಮ್ಮ." ಕಳೆದ ತಿಂಗಳು ಸುಮಾರು 45 ಮಕ್ಕಳ ಒಂದು ಆರ್ಡರ್‌ನಲ್ಲಿ ಪಡ್ಡು ಮತ್ತೆ ಹುಯ್ಯಬೇಕಾಯಿತು, ಕೇಕಿನ ಒಂದು ತುಂಡೂ ವಾಪಸ್ ಬರಲಿಲ್ಲ. ಅದಕ್ಕೇ ಬರೆಯುತ್ತಿದ್ದೇನೆ.

ಎಲ್ಲರೂ ಕೈಚೆಲ್ಲುವುದು ಕೇಕಿನಲ್ಲೇ. ಮೊದಲು ಅಂಗಡಿಯ ಗ್ಲುಟನ್ (ಗೋಧಿಯಲ್ಲಿರುವ ಅಂಟು ಪ್ರೋಟೀನ್) ಇಲ್ಲದ ಮಿಕ್ಸ್ ತಂದೆ, ಕೆಜಿಗೆ 450 ರೂಪಾಯಿ ಆಸುಪಾಸು. ಬಿಸಿಯಲ್ಲಿ ಚೆನ್ನಾಗಿತ್ತು, ಮೂರು ಗಂಟೆ ಕಳೆದ ಮೇಲೆ ಚಾಕು ಇಟ್ಟರೆ ಪುಡಿಪುಡಿ. ಆಮೇಲೆ ಅಕ್ಕಿಹಿಟ್ಟಿಗೆ ನೆನೆಸಿದ ಅಗಸೆ ಪುಡಿ ಸೇರಿಸಿ ನೋಡಿದೆ, ನಾಲಿಗೆಗೆ ಮರಳು ಮರಳು. ಕಲಸಿ ಅರ್ಧ ಗಂಟೆ ಬಿಟ್ಟರೆ ಅದು ಕಡಿಮೆಯಾಗುತ್ತದೆ, ಪೂರ್ತಿ ಹೋಗುವುದಿಲ್ಲ. ರಾಗಿ ಕೇಕನ್ನು ದೊಡ್ಡವರು ಹೊಗಳಿದರು, ಮಕ್ಕಳು ಅರ್ಧ ತಿಂದು ಇಟ್ಟರು. ಈಸಬ್‌ಗೋಲ್ ಹಾಕಿದಾಗ ಹಿಡಿತ ಬಂತು, ಆದರೆ ಅಳತೆ ಚೂರು ಮೀರಿದರೂ ಒಳಗೆಲ್ಲ ಅಂಟು. ಹೀಗೆ ಓವನ್‌ಗೆ ಸುರಿದ ಸಾಮಾನೇ ಏಳೆಂಟು ಸಾವಿರದ್ದಿರಬೇಕು.

ಓವನ್ ಬಿಟ್ಟು ಹಬೆಗೆ ಬಂದ ಮೇಲೆ ದಾರಿ ಸಿಕ್ಕಿತು. ನನ್ನ ತವರು ಶಿರಸಿ ಕಡೆ. ಸೌತೆಕಾಯಿ ತುರಿ, ಅಕ್ಕಿ ತರಿ, ಬೆಲ್ಲ, ಕಾಯಿ ಸೇರಿಸಿ ಕಡುಬು ಬೇಯಿಸುವುದು ಅಲ್ಲಿ ಮನೆಮನೆಯ ಸಂಗತಿ. ಕೊಂಕಣಿಯವರ ತವಸಳಿಯೂ ಅದೇ ಕುಲದ್ದು. ನಮ್ಮ ಕಡುಬಿನಲ್ಲಿ ಗೋಧಿಯೂ ಹಾಲೂ ಮೊಟ್ಟೆಯೂ ಯಾವತ್ತೂ ಇರಲೇ ಇಲ್ಲ. ಇದ್ದದ್ದನ್ನು ತೆಗೆದು ಅದರ ಜಾಗ ತುಂಬಲು ಹೊರಟರೆ ದುಡ್ಡು ದಂಡ. ಮೊದಲಿಂದಲೂ ಇಲ್ಲದ್ದನ್ನು ಹಿಡಿದು ಅದಕ್ಕೆ ಕೇಕಿನ ಆಕಾರ ಕೊಡುವುದು ನನ್ನ ವಿಧಾನ.

ಮಾಡುವುದು ನಿಮಗೆಲ್ಲ ಗೊತ್ತಿರುವುದೇ, ನಾನು ಬದಲಿಸಿದ್ದನ್ನಷ್ಟೇ ಹೇಳುತ್ತೇನೆ. ತುರಿದ ಸೌತೆಕಾಯಿಯ ನೀರನ್ನು ಹಿಂಡಿ ಬೇರೆ ಇಟ್ಟುಕೊಳ್ಳಿ, ಹುರಿದ ತರಿಗೆ ಆ ನೀರನ್ನೇ ಅಳೆದು ಹಾಕಿ. ಒಂದೊಂದು ಕಾಯಿ ಒಂದೊಂದು ಥರ ನೀರು ಬಿಡುತ್ತದೆ, ಹಿಂಡದೆ ಸುರಿದರೆ ಅಂದಾಜು ಸಿಗುವುದಿಲ್ಲ. ಬೆಲ್ಲಕ್ಕೆ ಜೋನಿ (ನೀರಾದ) ಬೆಲ್ಲ, ಅದೂ ಕಡುಬಿಗೆ ಹಾಕುವುದರ ಮುಕ್ಕಾಲು ಭಾಗ ಮಾತ್ರ. ಬೆಲ್ಲ ಎಂದ ಮಾತ್ರಕ್ಕೆ ಧಾರಾಳವಾಗಿ ಸುರಿಯುವವರನ್ನು ಕಂಡಿದ್ದೇನೆ, ಮಕ್ಕಳ ಹೊಟ್ಟೆಗೆ ಅದೂ ಸಕ್ಕರೆಯೇ. 8 ಇಂಚಿನ ತಟ್ಟೆಯಲ್ಲಿ ಒಂದು ಇಂಚು ದಪ್ಪಕ್ಕಿಂತ ಹೆಚ್ಚು ಹುಯ್ಯಬೇಡಿ, ನಡುವೆ ಹಸಿ ಉಳಿಯುತ್ತದೆ. ಎರಡು ಪದರ ಬೇರೆ ಬೇರೆ ಬೇಯಿಸಿ ಜೋಡಿಸಿದರೆ ಎತ್ತರವೂ ಬರುತ್ತದೆ. ಒಂದು ಪದರಕ್ಕೆ 40 ನಿಮಿಷ ಬೇಕಾಗುತ್ತದೆ. ಪೂರ್ತಿ ಆರದೆ ಚಾಕು ಇಡಬಾರದು. ತರಿಯ ಜೊತೆ ಇನ್ನೊಂದು ಸಾಮಗ್ರಿ ಸೇರಿಸುತ್ತೇನೆ, ಕೇಕ್ ಮೃದುವಾಗುವುದು ಅದರಿಂದಲೇ. ಅದನ್ನು ಇಲ್ಲಿ ಬರೆಯುವುದಿಲ್ಲ. ಆರ್ಡರ್ ಕೊಟ್ಟ ತಾಯಂದಿರಿಗೆ ಮಾತ್ರ ಒಂದೂ ಬಿಡದೆ ಸಾಮಾನಿನ ಪಟ್ಟಿ ಕೊಡುತ್ತೇನೆ, ಅದರಲ್ಲಿ ಗುಟ್ಟು ಸಲ್ಲದು.

ಮೇಲಿನ ಕ್ರೀಮಿಗೆ ಕಾಯಿಯ ಮೊದಲ ಹಾಲು. ರಾತ್ರಿ ಫ್ರಿಜ್‌ನಲ್ಲಿಟ್ಟು ಮೇಲೆ ಗಟ್ಟಿಯಾದದ್ದನ್ನು ತೆಗೆದು ಕಡೆಯುತ್ತೇನೆ. ಏಪ್ರಿಲ್‌ನಲ್ಲಿ ಇದು ನಿಲ್ಲುವುದಿಲ್ಲ, ಒಂದು ಆರ್ಡರ್‌ನಲ್ಲಿ ಹಾಡು ಮುಗಿಯುವಷ್ಟರಲ್ಲಿ ಇಳಿದು ತಟ್ಟೆಗೆ ಬಂತು. ಈಗ ಬೇಸಿಗೆಯಲ್ಲಿ ಕಾಯಿಹಾಲಿಗೆ ಕೂವೆ ಹಿಟ್ಟು ಹಾಕಿ ಕಾಯಿಸಿ, ಬೆಚ್ಚಗಿರುವಾಗಲೇ ಸುರಿದು ಹೊಳಪಿನ ಹೊದಿಕೆ ಮಾಡುತ್ತೇನೆ. ತೆಂಗಿನಕಾಯಿ ಆಗದ ಮಕ್ಕಳು ಅಪರೂಪ, ಆದರೂ ಮೊದಲೇ ಕೇಳಿಕೊಳ್ಳಿ.

ಇನ್ನು ಕಣ್ಣಿಗೆ ಕಾಣದ ಗೋಧಿಯ ಮಾತು. ಇಂಗಿನ ಡಬ್ಬಿ ತಿರುಗಿಸಿ ಓದಿ, ಹೆಚ್ಚಿನವುಗಳಲ್ಲಿ ಮೈದಾ ಇರುತ್ತದೆ. ಅಕ್ಕಿಹಿಟ್ಟು ಬೆರೆಸಿದ ಇಂಗೂ ಸಿಗುತ್ತದೆ, ನಾನು ಇಂಗನ್ನೇ ಬಿಟ್ಟೆ. ಮಿಲ್ಲಿನಲ್ಲಿ ನಿಮ್ಮ ಅಕ್ಕಿಗಿಂತ ಮುಂಚೆ ಗೋಧಿ ಬೀಸಿದ್ದರೆ ಅದರ ಹಿಟ್ಟು ನಿಮ್ಮ ಚೀಲಕ್ಕೆ ಬಂದೇ ಬರುತ್ತದೆ. ಗ್ಲುಟನ್‌ನಿಂದ ಕರುಳು ಕೆಡುವ ಸೀಲಿಯಾಕ್ ಕಾಯಿಲೆ ಇರುವ ಒಂದು ಮಗುವಿನ ತಾಯಿ ಇದನ್ನು ಕೇಳಿದ ದಿನವೇ ಮನೆಗೆ ಸಣ್ಣ ಗಿರಣಿ ತರುವ ಮನಸ್ಸು ಮಾಡಿದೆ. ಅದಕ್ಕೆ ಸುಮಾರು 20 ಸಾವಿರ, ಬೇರೆ ಗ್ರೈಂಡರ್, ಜಾರು, ಸೌಟು, ಪಡ್ಡಿನ ಕಾವಲಿ ಎಲ್ಲ ಸೇರಿ ಇನ್ನೊಂದು 10 ಸಾವಿರ. ಆ ಗಿರಣಿಗೆ ಗೋಧಿ ಈವರೆಗೆ ಬಿದ್ದಿಲ್ಲ. ಇಷ್ಟೆಲ್ಲ ಮಾಡಿಯೂ ಡಬ್ಬಿಯ ಮೇಲೆ "ಗ್ಲುಟನ್ ಫ್ರೀ" ಎಂದು ನಾನು ಬರೆಯುವುದಿಲ್ಲ. ಆಹಾರ ಸುರಕ್ಷತಾ ನಿಯಮದಲ್ಲಿ ಅದಕ್ಕೆ ಗ್ಲುಟನ್ ಕೆಜಿಗೆ 20 ಮಿಲಿಗ್ರಾಂ ದಾಟಬಾರದು ಎಂಬ ಮಿತಿ ಇದೆ, ನಾನು ಲ್ಯಾಬ್ ಪರೀಕ್ಷೆ ಮಾಡಿಸಿಲ್ಲ. "ಗೋಧಿ ಹಾಕಿಲ್ಲ, ಬೇರೆ ಗಿರಣಿಯಲ್ಲಿ ಬೀಸಿದ್ದು" ಎಂದು ಬರೆಯುತ್ತೇನೆ. ಏನಾದರೂ ತಿಂದು ಉಸಿರು ಕಟ್ಟಿ ಆಸ್ಪತ್ರೆ ಸೇರಿದ ಮಗುವಿದ್ದರೆ ತಾಯಿ ಅಡುಗೆಮನೆಗೆ ಬಂದು ನೋಡದ ಹೊರತು ಆರ್ಡರ್ ತೆಗೆದುಕೊಳ್ಳುವುದಿಲ್ಲ, ಡಾಕ್ಟರನ್ನು ಕೇಳಿಕೊಂಡೇ ಬನ್ನಿ ಎನ್ನುತ್ತೇನೆ.

ತುಪ್ಪದ ವಿಷಯಕ್ಕೆ ಬಹಳ ಜನ ವಾದ ಮಾಡುತ್ತಾರೆ. ಲ್ಯಾಕ್ಟೋಸ್ (ಹಾಲಿನ ಸಕ್ಕರೆ) ಆಗದವರಿಗೆ ತುಪ್ಪ ಸಾಮಾನ್ಯವಾಗಿ ನಡೆದೀತು. ಹಾಲಿನ ಪ್ರೋಟೀನಿಗೇ ಅಲರ್ಜಿ ಇದ್ದರೆ ನಡೆಯುವುದಿಲ್ಲ. ಪ್ರತಿ ಮಗುವಿಗೂ ಯಾವುದೆಂದು ವಿಚಾರಿಸುತ್ತ ಕೂರುವ ಬದಲು ತುಪ್ಪವನ್ನೇ ಕೈಬಿಟ್ಟೆ. ಗಾಣದ ಕಡಲೆಕಾಯಿ ಎಣ್ಣೆಯಲ್ಲಿ ಕಾಯಿಯ ಪ್ರೋಟೀನ್ ಉಳಿದಿರುತ್ತದೆ, ಅದಕ್ಕೆ ನನ್ನ ಒಲೆಗೆ ಕೊಬ್ಬರಿ ಎಣ್ಣೆ.

ಖಾರದ ತಿಂಡಿಗೆ ಹೆಚ್ಚು ಹೇಳುವುದಿಲ್ಲ. ಕ್ಯಾರೆಟ್, ಸಬ್ಬಸಿಗೆ ಹಾಕಿದ ಪುಟ್ಟ ಪಡ್ಡು, ನಿಂಬೆಹಣ್ಣಿನ ಒತ್ತು ಶಾವಿಗೆ, ಹಲಸಿನ ಹಪ್ಪಳ. ಶಾವಿಗೆಯ ಒಗ್ಗರಣೆಗೆ ಕಡಲೆಕಾಯಿ ಬದಲು ಕಡಲೆಬೇಳೆ ಸ್ವಲ್ಪ ಜಾಸ್ತಿ. ನಿಪ್ಪಟ್ಟಿನಿಂದ ಮೈದಾ, ಕಡಲೆಕಾಯಿ ಎರಡನ್ನೂ ತೆಗೆದು ಮಾಡಿದ್ದು ಗಟ್ಟಿಯಾಯಿತು, ಕೈಬಿಟ್ಟೆ.

ಬಣ್ಣದ ಹುಚ್ಚು ಹಿಡಿದು ಸುಮಾರು ದಿನ ಕಳೆದೆ. ಅಂಗಡಿಯ ಬಣ್ಣ ಬೇಡವೆಂದು ಹಳದಿಗೆ ಅರಿಶಿನ ಹಾಕಿದೆ. ಹಿಟ್ಟಿನಲ್ಲಿ ಸೋಡಾ ಇದ್ದುದರಿಂದ ಪಡ್ಡು ಕೆಂಪಾಗಿ ಎದ್ದಿತು. ಸೋಡಾ ಬಿಟ್ಟು ಹುದುಗಿನಲ್ಲೇ ಉಬ್ಬಿಸಿದರೆ ಹಳದಿ ಹಳದಿಯಾಗೇ ಉಳಿಯುತ್ತದೆ. ಬೀಟ್‌ರೂಟ್ ಬಹಳ ಹೊತ್ತು ಬೆಂದರೆ ಕಂದುತ್ತದೆ, ಕೊನೆಗೆ ನಿಂಬೆರಸದ ಜೊತೆ ಸೇರಿಸಿದರೆ ವಾಸಿ. ಎಲ್ಲಕ್ಕಿಂತ ಗೆದ್ದದ್ದು ಶಂಖಪುಷ್ಪದ ನೀರು. ನೀಲಿ ಪಾನಕವನ್ನು ಲೋಟಕ್ಕೆ ಹಾಕಿ, ನಿಂಬೆರಸವನ್ನು ಮಕ್ಕಳ ಕೈಯಲ್ಲೇ ಹಿಂಡಿಸುತ್ತೇನೆ. ನೀಲಿ ನೇರಳೆಯಾಗುವಾಗ ಅವರು ಹಾಕುವ ಕೂಗಿನಲ್ಲಿ ಬಾಟಲಿ ಜ್ಯೂಸನ್ನು ಯಾರೂ ಕೇಳುವುದಿಲ್ಲ.

ದುಡ್ಡಿನ ಲೆಕ್ಕ. ಈಗ ಒಂದು ತಟ್ಟೆಗೆ ಸಾಮಾನು, ಗ್ಯಾಸು, ಕೈಯಾಳು ಸೇರಿ 75ರ ಹತ್ತಿರ ಬೀಳುತ್ತದೆ, ನಾನು 130 ತೆಗೆದುಕೊಳ್ಳುತ್ತೇನೆ. ಬೇಕರಿಯ ಪಫ್, ಕೇಕ್, ಚಿಪ್ಸ್ ನನ್ನದಕ್ಕಿಂತ 30, 40 ರೂಪಾಯಿ ಕಡಿಮೆಗೆ ಸಿಗುತ್ತವೆ, ಆದ್ದರಿಂದ ಚೌಕಾಶಿ ತಪ್ಪಿದ್ದಲ್ಲ. ಮೊದಲೆಲ್ಲ ಎರಡು ಥರ ಅಡುಗೆ ಮಾಡುತ್ತಿದ್ದಾಗ ಒಂದೊಂದು ಆರ್ಡರ್‌ಗೆ ಒಂದೂವರೆ, ಎರಡು ಸಾವಿರ ಕೈಯಿಂದ ಹೋಗುತ್ತಿತ್ತು. ಪಾತ್ರೆ ಎರಡು, ಒಲೆ ಎರಡು, ಬಡಿಸುವವರಿಗೆ ಗೊಂದಲ. ಎಲ್ಲರಿಗೂ ಒಂದೇ ಎಂದ ಮೇಲೆ ನಷ್ಟ ನಿಂತಿತು. 2025ರಲ್ಲಿ ಕಾಯಿ ಬೆಲೆ ಏರಿದಾಗ ಲಾಭ ತೀರಾ ಇಳಿಯಿತು, ಆದರೂ ರೇಟ್ ಏರಿಸಲಿಲ್ಲ. ಗಿರಣಿಯ ದುಡ್ಡು ಒಂದು ವರ್ಷದೊಳಗೇ ವಾಪಸ್ ಬಂದಿದೆ.

ಒಂದು ತೊಂದರೆ ಮಾತ್ರ ಅಡುಗೆಮನೆಯ ಹೊರಗಿನದು. ಬಂದ ನೆಂಟರು ಪ್ರೀತಿಯಿಂದಲೇ ಚಾಕೊಲೇಟ್, ಬಿಸ್ಕತ್ ಪೊಟ್ಟಣ ತರುತ್ತಾರೆ, ಮಗು ಅಲ್ಲೇ ಒಡೆದು ಪಕ್ಕದವನಿಗೂ ಕೊಡುತ್ತದೆ. ಈಗ ಮುಂಗಡ ತೆಗೆದುಕೊಳ್ಳುವಾಗಲೇ ಮನೆಯವರಿಗೆ ಹೇಳಿಬಿಡುತ್ತೇನೆ: ಬಾಗಿಲ ಹತ್ತಿರ ಒಂದು ಬುಟ್ಟಿ ಇಡಿ, ತಂದದ್ದೆಲ್ಲ ಅದರಲ್ಲಿರಲಿ, ಮಕ್ಕಳು ಹೊರಟ ಮೇಲೆ ತೆಗೆಯಿರಿ. ಒಪ್ಪದವರ ಆರ್ಡರ್ ಬಿಟ್ಟದ್ದೂ ಇದೆ.