ನಿಮ್ಮ ಕುದುರೆ ಓಡದಿದ್ದರೆ ಜಾಕ್‌ಪಾಟ್ ಟಿಕೆಟ್ ಏನಾಗುತ್ತೆ?

ಕುದುರೆ ರೇಸಿನ ಸೀಸನ್ ಶುರುವಾಯಿತೆಂದರೆ ಹಾಸನದಿಂದ ಮೈಸೂರಿಗೆ ಹೋಗುವ ಬೆಳಗಿನ ಬಸ್ಸು, ರೈಲಿನಲ್ಲಿ ರೇಸ್ ಪುಸ್ತಕ ಬಿಡಿಸಿ ಕೂತವರು ಒಬ್ಬಿಬ್ಬರಾದರೂ ಸಿಗುತ್ತಾರೆ. ಅವರಲ್ಲಿ ಹೊಸಬರಿದ್ದರೆ ಈ ಪ್ರಶ್ನೆ ಗ್ಯಾರಂಟಿ: ‘ಅಣ್ಣಾ, ಮೂರನೇ ರೇಸಲ್ಲಿ ನಮ್ ಕುದುರೆ ವಿತ್‌ಡ್ರಾ ಆದ್ರೆ ದುಡ್ಡು ವಾಪಸ್ ಬರುತ್ತಾ?’

ಬರೀ ‘ವಿನ್’ ಟಿಕೆಟ್, ಅಂದರೆ ಒಂದೇ ರೇಸಲ್ಲಿ ಒಂದು ಕುದುರೆ ಗೆಲ್ಲುತ್ತೆ ಅಂತ ಕಟ್ಟಿದ್ದು, ಆದರೆ ಬರುತ್ತೆ. ಜಾಕ್‌ಪಾಟ್ ಕಥೆ ಬೇರೆ. ಅದರಲ್ಲಿ ಸಾಮಾನ್ಯವಾಗಿ ಸತತ ಐದು ರೇಸ್‌ಗಳಲ್ಲಿ ಒಂದೊಂದನ್ನೂ ಗೆಲ್ಲುವ ಕುದುರೆ ಯಾವುದೆಂದು ಮೊದಲೇ ಹೇಳಬೇಕು. ಮೊದಲ ರೇಸ್ ಶುರುವಾದ ಮೇಲೆ ಟಿಕೆಟ್ ತಿದ್ದಲು ಆಗಲ್ಲ. ಅಷ್ಟರಲ್ಲಿ ಮುಂದಿನ ರೇಸಿನ ಕುದುರೆ ಕುಂಟಬಹುದು, ಜಾಕಿಯನ್ನು ಬೀಳಿಸಿ ಓಡಬಹುದು. ವೈದ್ಯರು ಬೇಡವೆಂದರೆ ಮುಗೀತು.

ಆಗ ನಿಮ್ಮ ಟಿಕೆಟ್ ಸಾಮಾನ್ಯವಾಗಿ ಆ ರೇಸಿನ ಫೇವರಿಟ್, ಅಂದರೆ ಗೆಲ್ಲುತ್ತೆ ಅಂತ ಜನ ಅತಿ ಹೆಚ್ಚು ನಂಬಿದ ಕುದುರೆಯ ಮೇಲೆ ಹೋಗಿ ಕೂರುತ್ತೆ. ಬ್ರಿಟನ್ನಿನ ಟೋಟ್‌ನಲ್ಲೂ (ಎಲ್ಲರ ದುಡ್ಡು ಒಟ್ಟುಗೂಡಿಸಿ ಗೆದ್ದವರಿಗೆ ಹಂಚುವ ವ್ಯವಸ್ಥೆ) ಅಮೆರಿಕದ ಬಹುಪಾಲು ಟ್ರ್ಯಾಕ್‌ಗಳಲ್ಲೂ ಇದೇ ಪದ್ಧತಿ. ನೀವು ಹೋಗುವ ಕ್ಲಬ್ಬಿನ ನಿಯಮ ಏನು ಅಂತ ಕೌಂಟರಿನಲ್ಲಿ ಮೊದಲೇ ಕೇಳಿಕೊಳ್ಳಿ. ಫೇವರಿಟ್ ಯಾವುದು ಅನ್ನೋದು ಗೇಟ್ ತೆರೆಯುವ ಹೊತ್ತಿನ ಲೆಕ್ಕ, ನೀವು ಟಿಕೆಟ್ ಕೊಂಡಾಗಿನದಲ್ಲ. ಎರಡು ಕುದುರೆ ಸಮಾನ ಫೇವರಿಟ್ ಆದರೆ ಚಿಕ್ಕ ನಂಬರಿನದ್ದಕ್ಕೆ ಹೋಗುತ್ತೆ.

ಈಗ ಟಿಕೆಟ್ ಹಾಕೋಣ. ಐದು ರೇಸಿಗೆ ಕ್ರಮವಾಗಿ 2, 3, 2, 1, 2 ಕುದುರೆ ಆರಿಸಿದಿರಿ. ಪ್ರತಿ ರೇಸಿನಿಂದ ಒಂದೊಂದು ಕುದುರೆ ಸೇರಿಸಿದರೆ ಒಂದು ಜೋಡಣೆ; ಗುಣಿಸಿದರೆ 24 ಜೋಡಣೆ. ಒಂದಕ್ಕೆ 10 ರೂಪಾಯಿ ಅಂತಿಟ್ಟುಕೊಂಡರೆ 240 ರೂಪಾಯಿ. ಮೂರನೇ ರೇಸಲ್ಲಿ ನೀವು ಹಾಕಿದ್ದು ಫೇವರಿಟ್ಟು ಮತ್ತು ಇನ್ನೊಂದು ಕುದುರೆ. ಆ ಇನ್ನೊಂದು ವಿತ್‌ಡ್ರಾ ಆಯಿತು. ಈಗ 24 ಜೋಡಣೆಯೂ ಒಂದೇ ಕುದುರೆಯ ಬೆನ್ನ ಮೇಲೆ! ಗೆದ್ದರೆ ಆ ರೇಸ್ ಮಟ್ಟಿಗೆ ಎರಡು ಪಾಲು, ಸೋತರೆ ಟಿಕೆಟ್ ಪೂರ್ತಿ ಹೋಯಿತು. ಎರಡು ಕುದುರೆಗೆ ದುಡ್ಡು ಕೊಟ್ಟು ಒಂದನ್ನೇ ಹಿಡಿದುಕೊಂಡ ಹಾಗೆ.

ಹಾಗಂತ ಗೆದ್ದಾಗಲೂ ಪೂರ್ತಿ ಖುಷಿಪಡಬೇಡಿ. ಕಡಿತವೆಲ್ಲ ಕಳೆದು ಹಂಚಲು 7 ಲಕ್ಷ ಉಳಿದಿದೆ ಅಂದುಕೊಳ್ಳಿ. ಗೆದ್ದ ಟಿಕೆಟ್ 100 ಇದ್ದರೆ ತಲಾ 7,000. ಓಡದ ಕುದುರೆಯ 40 ಟಿಕೆಟ್‌ಗಳೂ ಫೇವರಿಟ್ ಹೆಸರಲ್ಲಿ ಗೆದ್ದವರ ಸಾಲಿಗೆ ಬಂದರೆ ಅದು 5,000ಕ್ಕೆ ಇಳಿಯುತ್ತೆ. ಕುದುರೆ ಓಡದವರೂ ನಿಮ್ಮ ಜೊತೆ ಊಟಕ್ಕೆ ಕೂತರು, ಅಷ್ಟೇ.

ಇನ್ನು ಫೇವರಿಟ್ಟೇ ಹಿಂದೆ ಸರಿದರೆ? ಅದನ್ನೇ ನೆಚ್ಚಿಕೊಂಡ ಜನರೆಲ್ಲ ಹೊಸ ಫೇವರಿಟ್ ಮೇಲೆ ಬೀಳುತ್ತಾರೆ. ಆ ಹೊಸ ಫೇವರಿಟ್ಟನ್ನೇ ನೀವು ಮೊದಲೇ ಜಾಣತನದಿಂದ ಆರಿಸಿದ್ದರೆ ಆ ಜಾಣತನಕ್ಕೆ ಬೆಲೆಯೇ ಸಿಗಲ್ಲ. ನನಗೆ ಜಾಸ್ತಿ ಸಿಟ್ಟು ಬರೋದು ಇದಕ್ಕೇ.

ಆದ್ದರಿಂದ ಟಿಕೆಟ್ ಬರೆಯುವಾಗ ಹೀಗೆ ಮಾಡಿ. ಗೊಂದಲದ ರೇಸಲ್ಲಿ ಫೇವರಿಟ್ ಜೊತೆ ಇನ್ನೊಂದೇ ಹಾಕಿ ಸುಮ್ಮನಾಗಬೇಡಿ. ಮೂರನೆಯದೂ ಇರಲಿ. ಖರ್ಚು ಸರಿದೂಗಿಸಲು ಖಚಿತ ಅನ್ನಿಸುವ ರೇಸಲ್ಲಿ ಒಂದೇ ಕುದುರೆ ಸಾಕು. ಫೇವರಿಟ್ ಬೇಡವೆಂದು ಬಿಟ್ಟ ರೇಸಲ್ಲೂ, ನಿಮ್ಮದು ಓಡದಿದ್ದರೆ ಅದೇ ನಿಮ್ಮ ಪಾಲಿಗೆ ಬರುತ್ತೆ ಅನ್ನೋದು ನೆನಪಿರಲಿ. ಕೌಂಟರ್ ಮುಚ್ಚುವ ಮುಂಚೆ ವಿತ್‌ಡ್ರಾ ಪಟ್ಟಿಯನ್ನು ಇನ್ನೊಮ್ಮೆ ನೋಡಿ. ಆಮೇಲೆ ಬೋರ್ಡ್ ನೋಡಿ ಬೈದರೆ ಟಿಕೆಟ್ ಬದಲಾಗಲ್ಲ.