ಅಡ್ವೆಂಟ್ ಮಾಲೆ: ವಾರಕ್ಕೊಂದು ಬೆಳಕು
ಕ್ರಿಸ್ಮಸ್‌ಗೆ ಮುಂಚಿನ ನಾಲ್ಕು ಭಾನುವಾರಗಳ ಕಾಯುವಿಕೆಯೇ ಆಗಮನ ಕಾಲ (ಅಡ್ವೆಂಟ್). ಅದು ಶುರುವಾಗುವುದು ನವೆಂಬರ್ 27ರಿಂದ ಡಿಸೆಂಬರ್ 3ರೊಳಗೆ ಬರುವ ಭಾನುವಾರ. ಲೋಹದ ತಟ್ಟೆಯಲ್ಲಿ ಹಸಿರೆಲೆಯ ಮಾಲೆಯಿಟ್ಟು ಮೂರು ನೇರಳೆ, ಒಂದು ಗುಲಾಬಿ ಮೇಣದಬತ್ತಿ ನಿಲ್ಲಿಸಿ. ಮೊದಲ ಭಾನುವಾರ ಒಂದು, ಆಮೇಲೆ ಭಾನುವಾರಕ್ಕೊಂದು ಹೆಚ್ಚು ಬತ್ತಿ ಹಚ್ಚುತ್ತಾ ಹೋಗಿ. ಗುಲಾಬಿ ಮೂರನೆಯ ವಾರದ್ದು, ಸಂತೋಷದ ಗುರುತು. ನಡುವೆ ಬಿಳಿ ಬತ್ತಿ ಇಡುವವರು ಅದನ್ನು ಕ್ರಿಸ್ಮಸ್‌ಗೇ ಹಚ್ಚುತ್ತಾರೆ.

ಮೊದಲ ಬತ್ತಿಯೇ ಹೆಚ್ಚು ಉರಿಯುವುದು. ದಿನಕ್ಕೆ 15 ನಿಮಿಷವೆಂದರೂ 28 ದಿನಕ್ಕೆ 7 ಗಂಟೆ. ತೆಳುವಾದದ್ದು ತಂದರೆ ಹಬ್ಬಕ್ಕೆ ಮೊದಲೇ ಮುಗಿದೀತು. ಒಣಗಿದ ಎಲೆಗೆ ಬೆಂಕಿ ಬೇಗ ತಗಲುತ್ತದೆ, ಬಾಡುತ್ತಿದ್ದಂತೆ ಬದಲಿಸಿ.

ಹಚ್ಚುವ ಮುನ್ನ ಕೋಣೆಯ ದೀಪಗಳನ್ನೆಲ್ಲ ಆರಿಸಿ ಒಂದು ನಿಮಿಷ ಕತ್ತಲಲ್ಲೇ ಕೂರಿ. ಇದನ್ನು ಬಿಟ್ಟರೆ ಮಾಲೆ ಬರೀ ಅಲಂಕಾರ. ಬತ್ತಿ ಹಚ್ಚಿ, ಕತ್ತಲಲ್ಲಿದ್ದ ಜನ ಬೆಳಕು ಕಂಡ ಮಾತಿರುವ ಬೈಬಲ್‌ನ ಯೆಶಾಯ 9:2 ಓದಿ, ಒಬ್ಬೊಬ್ಬರೂ ತಾವು ಕಾಯುತ್ತಿರುವ ಒಂದು ವಿಷಯ ಹೇಳಲಿ. ಪ್ರಾರ್ಥನೆ ಚಿಕ್ಕದಿರಲಿ, ಉದ್ದವಾದರೆ ಎರಡನೇ ವಾರಕ್ಕೇ ಮಕ್ಕಳು ಜಾರಿಕೊಳ್ಳುತ್ತಾರೆ.